ಸಮುದ್ರದ ಕಡೆಯಿಂದ

ಮೂರನೆಯ ಬಲ್ಬೂ ಹೋಯಿತು. ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು, ಟಿಕ್ ಎಂದು ಆರಿತು. ವೋಲ್ಟ್ ಮೀಟರಿನ ಮುಳ್ಳು ಹದಿನಾಲ್ಕರ ಹತ್ತಿರ ನಿಲ್ಲಬೇಕಿತ್ತು. ಹದಿನೇಳು ದಾಟಿ ನಿಂತಿತ್ತು. ದೋಣಿಯ ಸೀಟಿನ ಕೆಳಗೆ ಬ್ಯಾಟರಿ ಅನ್ನದ ಪಾತ್ರೆಯಂತೆ ಕೊತಕೊತ ಎನ್ನುತ್ತಿತ್ತು. ಅದರ ಹುಳಿ ವಾಸನೆಗೆ ನನ್ನ ಗಂಟಲು ಕೆರೆಯಿತು.

"ನಿಲ್ಲಿಸಿ, ಸಾಕು," ಎಂದೆ. ನನ್ನ ಗಂಡ ರಮಾಕಾಂತ ಮೋಟರು ನಿಲ್ಲಿಸಿದರು. ಬಂದರಿನ ನೀರು ದೋಣಿಯನ್ನು ತೊಟ್ಟಿಲಿನಂತೆ ತೂಗುತ್ತಿತ್ತು.

ದಡದ ಕಲ್ಲಿನ ಮೇಲೆ ಕೊಡೆ ಹಿಡಿದು ಕೂತಿದ್ದ ವೇದವತಿ ಅತ್ತಿಗೆ, ಇವರ ಅಕ್ಕ, ಕೂಗಿದರು: "ಏನೋ ರಮಾ, ಮೊದಲು ನನ್ನ ಕಣ್ಣು ಹೋಗತ್ತೋ, ನಿನ್ನ ಬಲ್ಬೋ?"

"ಬಲ್ಬ್ ಹೋಯ್ತಕ್ಕ."

"ಸದ್ಯ, ನಾನು ಗೆದ್ದೆ."

ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಗ್ಲಾಕೋಮಾ ಅವರ ಎರಡೂ ಕಣ್ಣುಗಳ ಅಂಚನ್ನು ತಿಂದುಹಾಕಿತ್ತು; ಈಗ ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿನದು ಮಾತ್ರ ಕಾಣುತ್ತಿತ್ತು. ಸೋಮವಾರ ವಿಜಯವಾಡದಲ್ಲಿ ಆಪರೇಷನ್. ಉಳಿದಷ್ಟಾದರೂ ಉಳಿಯುತ್ತದೆಂದು ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಅದಕ್ಕೆ ಮೊದಲು ಅತ್ತಿಗೆ ಕೇಳಿದ್ದು ಒಂದೇ. ಭಾವ ಬ್ಯಾಂಕಿನ ವರ್ಗದ ಮೇಲೆ ಇದೇ ವಿಶಾಖಪಟ್ಟಣದಲ್ಲಿದ್ದ ವರ್ಷಗಳಲ್ಲಿ ಅವರ ಬಾಡಿಗೆ ಮನೆ ಸಮುದ್ರದೆದುರಿನ ದಿಬ್ಬದ ಮೇಲಿತ್ತು. "ಸಾಯಂಕಾಲ ಆದ್ರೆ ಟೆರೇಸಲ್ಲಿ ನಿಂತು ದೋಣಿಗಳ ದೀಪ ನೋಡ್ತಿದ್ದೆ. ದೋಣಿಯೋರಿಗೆ ನಮ್ಮ ದೀಪ ಹೇಗೆ ಕಾಣ್ತಿತ್ತೋ, ಒಂದ್ಸಲ ನೋಡ್ಬೇಕು ಕಣೇ ಹೈಮಾ."

ಇಂದಲ್ಲದಿದ್ದರೆ ಇಲ್ಲ, ನಾಳೆ ಅವರ ರೈಲು. ದೀಪವಿಲ್ಲದ ದೋಣಿಯನ್ನು ಕತ್ತಲಾದ ಮೇಲೆ ಬಂದರಿನಿಂದ ಹೊರಗೆ ಬಿಡುವುದಿಲ್ಲ. ಉಳಿದಿದ್ದದ್ದು ಒಂದೇ ಬಲ್ಬು.

ಮೋಟರು ಇವರು ಹರಾಜಿನಲ್ಲಿ ತಂದದ್ದು, ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ಅದು ಓಡುವಾಗ ಹುಟ್ಟುವ ಕರೆಂಟು ಬ್ಯಾಟರಿಗೆ ಸಾಕಾದಷ್ಟೇ ಹೋಗುವಂತೆ ತಡೆಯುವುದು ರೆಗ್ಯುಲೇಟರ್ ಎಂಬ ಪುಟ್ಟ ಲೋಹದ ಡಬ್ಬಿ. ಅದೇ ಕೆಟ್ಟಿದೆಯೆಂದು, ಅತ್ತಿಗೆಯನ್ನು ಕರೆತರಲು ಹೋದಾಗ ಇವರು ವಿಜಯವಾಡದ ಆಟೋನಗರದ ಬಿಡಿಭಾಗದ ಅಂಗಡಿಯಲ್ಲಿ ಹೊಸದು ಕೊಂಡು ತಂದಿದ್ದರು.

"ನನ್ನ ಕರ್ಕೊಂಡ್ಬರೋಕೆ ಬಂದ್ನೋ, ಡಬ್ಬಿ ತಗೊಳೋಕೆ ಬಂದ್ನೋ," ಎಂದು ಅತ್ತಿಗೆ ಬೆಳಗ್ಗಿನಿಂದ ಹೇಳುತ್ತಿದ್ದರು. "ಲಾರಿ ಟೈರ್ ಮೇಲೆ ಕೂರಿಸ್ಬಿಟ್ಟು ಹೋದ. ಪುಣ್ಯಾತ್ಮ ಯಾರೋ ಟೀ ತಂದುಕೊಟ್ಟು, 'ಮೀರು ಏ ಲಾರೀ ಅಮ್ಮಾ?' ಅಂದ. ನಾನು ಯಾವ ಲಾರಿಯೋಳು ಅಂತ!"

ಹೊಸ ಡಬ್ಬಿಗೂ ಮುಳ್ಳು ಹದಿನೇಳಕ್ಕೇ ಹೋಗಿತ್ತು.

ನಾನು ಹೆದರುವವಳು. ಗಣೇಶನ ಹಬ್ಬದ ಮಾರನೆಯ ದಿನ ಇದೇ ದೋಣಿಯಲ್ಲಿ ಹೋದಾಗ ಇವರು ಗುಡ್ಡ ತೋರಿಸಿದರು, ಹಕ್ಕಿ ತೋರಿಸಿದರು; ನಾನು ಮೀಟರನ್ನೇ ನೋಡುತ್ತಿದ್ದೆ. ಮುಳ್ಳು ಅಂದು ಹದಿನಾಲ್ಕರಿಂದ ಅಲುಗಿರಲಿಲ್ಲ. ಹಾಗಾದರೆ ಕೆಟ್ಟದ್ದು ಆಮೇಲೆ. ಆಮೇಲೆ ಈ ಮೋಟರಿಗೆ ಯಾರು ಏನು ಮಾಡಿದರು?

"ರೀ, ಆಯುಧಪೂಜೆಗೆ ಇದಕ್ಕೆ ಏನೇನು ಮಾಡಿದ್ರಿ?"

"ಏನ್ಮಾಡ್ತಾರೆ? ಬಿಚ್ಚಿ ತೊಳೆದು, ಬಣ್ಣ ಹೊಡೆದು, ಹೂ ಹಾಕಿದೆ."

"ಎಲ್ಲೆಲ್ಲಿ ಬಣ್ಣ?"

"ಎಲ್ಲಾ ಕಡೆ. ಎರಡು ಕೋಟು. ನಮ್ಮಪ್ಪ ಸೈಕಲ್ ಪಂಪಿಗೂ ಬಿಡ್ತಿರಲಿಲ್ಲ."

"ಈ ಡಬ್ಬಿ ಕೂರೋ ಪಟ್ಟಿಗೂ?"

"ಅದಕ್ಕೂ..." ಎಂದವರು ಬಗ್ಗಿ ಡಬ್ಬಿಯ ಬುಡ ನೋಡಿದರು.

ಡಬ್ಬಿಗೆ ಬ್ಯಾಟರಿಯ ನೆಗೆಟಿವ್ ಜೊತೆ ಸಂಬಂಧ ತಂತಿಯಿಂದಲ್ಲ, ತನ್ನ ಮೈಯಿಂದ. ಮೈ ಪಟ್ಟಿಗೆ ತಾಗಬೇಕು, ಪಟ್ಟಿ ಮೋಟರಿಗೆ. ನಡುವೆ ಕರೆಂಟು ದಾಟದ ಹಸಿರು ಎನಾಮೆಲ್ ಬಣ್ಣ ಒಣಗಿ ಕೂತಿತ್ತು. ಬ್ಯಾಟರಿ ತುಂಬಿದೆಯೆಂದು ಡಬ್ಬಿಗೆ ತಿಳಿಯುವ ದಾರಿಯೇ ಮುಚ್ಚಿತ್ತು. ಹಳೆಯದೂ ಕೆಟ್ಟಿರಲಿಲ್ಲ, ಹೊಸದೂ ಕೆಟ್ಟಿರಲಿಲ್ಲ.

ಇವರು ಮೋಟರು ಚಾಲೂ ಮಾಡಿ, ತುಂಡು ತಂತಿಯ ಒಂದು ತುದಿಯನ್ನು ನೆಗೆಟಿವ್‌ಗೆ ಬಿಗಿದು, ಇನ್ನೊಂದನ್ನು ಡಬ್ಬಿಯ ಮೈಗೆ ಒತ್ತಿದರು. ಮುಳ್ಳು ಹದಿನಾಲ್ಕಕ್ಕೆ ಇಳಿಯಿತು. ತಂತಿ ತೆಗೆದರೆ ಹದಿನೇಳು. ಒತ್ತಿದರೆ ಮತ್ತೆ ಹದಿನಾಲ್ಕು.

"ಪೂಜೆ ಮಾಡಿದ ಬಣ್ಣ ಕಣಕ್ಕ, ಕೆರೀಬೇಕಾಗತ್ತೆ," ಎಂದರು ಅಕ್ಕನ ಕಡೆ ತಿರುಗಿ. ಪಟ್ಟಿಯ ಮೇಲೆ ಕುಂಕುಮದ ಬೊಟ್ಟು ಇನ್ನೂ ಇತ್ತು.

"ಕೆರಿಯೋ. ಚಾಮುಂಡಿ ಏನು ನಿನ್ನ ಹತ್ರ ಪೇಂಟ್ ಕೇಳಿದ್ಲಾ?"

ಉಪ್ಪುಕಾಗದದಿಂದ ಉಜ್ಜಿದರು, ಲೋಹ ಬೆಳ್ಳಗೆ ಹೊಳೆಯುವವರೆಗೆ. ಕೊನೆಯ ಬಲ್ಬು ಹಾಕಿದರು. ಅದು ಹಳದಿಯಾಗಿ, ತುಪ್ಪದ ದೀಪದಂತೆ ಉರಿಯಿತು.

ನಾವು ಬಂದರು ದಾಟುವಾಗ ಸೂರ್ಯ ಊರ ಹಿಂದಿನ ಬೆಟ್ಟಗಳಿಗೆ ಇಳಿದಿದ್ದ. ನೀರು ಮೊದಲು ತಾಮ್ರ, ಆಮೇಲೆ ಬೂದಿ, ಆಮೇಲೆ ಬಣ್ಣವೇ ಇಲ್ಲ. ದಡ ದೂರವಾದಷ್ಟೂ ಊರಿನ ಸದ್ದು ಕಳಚಿತು; ಉಳಿದದ್ದು ಮೋಟರಿನ ಗುನುಗು. ದಿಬ್ಬದ ಮೇಲೆ ದೀಪಗಳು ಒಂದೊಂದಾಗಿ ಹತ್ತಿದವು. ಯಾರೋ ನಿದ್ದೆಯಲ್ಲಿ ಎಣಿಸುತ್ತ ನಡುನಡುವೆ ಮರೆಯುತ್ತಿರುವ ಹಾಗೆ.

ಅತ್ತಿಗೆ ಕತ್ತು ಚಾಚಿದರು, ಕಣ್ಣು ಕಿರಿದು ಮಾಡಿದರು. "ಹೈಮಾ, ಈ ದೀಪ ಕಣ್ಣಿಗೆ ಹೊಡೀತಿದೆ. ಆಚೆದೇನೂ ಕಾಣ್ತಿಲ್ಲ. ಆರಿಸ್ತೀಯಾ?"

ಮಧ್ಯಾಹ್ನವೆಲ್ಲ ಒದ್ದಾಡಿದ್ದು ಈ ದೀಪಕ್ಕಾಗಿಯೇ. ಸ್ವಿಚ್ಚು ನನ್ನ ಪಕ್ಕದಲ್ಲಿತ್ತು. ಸುತ್ತಲೂ ನೋಡಿದೆ. ದಕ್ಷಿಣಕ್ಕೆ ಒಂದು ಟ್ರಾಲರ್, ದೊಡ್ಡ ಮೀನುದೋಣಿ, ಬಹಳ ದೂರ. ಬ್ಯಾಟರಿಯ ಮೇಲೆ ಕೈಯಿಟ್ಟೆ, ಬಿಸಿಯಿರಲಿಲ್ಲ. ಆರಿಸಿದೆ.

ಕತ್ತಲೆ ಮೆತ್ತಗೆ ಬಂದು ನಮ್ಮೊಡನೆ ಕೂತಿತು.

"ಅಯ್ಯೋ," ಎಂದರು ಅತ್ತಿಗೆ. ತಲೆ ತಿರುಗಿಸುತ್ತ ದಿಬ್ಬವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ, "ಯಾವುದೋ ರಮಾ, ನಮ್ಮನೆ?"

"ಇಲ್ಲಿಂದ ಹೇಳೋಕಾಗಲ್ಲಕ್ಕ. ಎಲ್ಲಾ ಒಂದೇ ಥರ ಇದೆ."

"ಇಲ್ಲ, ಅದು ನೋಡು. ಮೇಲಿನ ಸಾಲಲ್ಲಿ ಒಂದು ಮಿಣುಕ್ತಿದೆ. ಅದರ ಮುಂದೆ ಯಾರೋ ಓಡಾಡ್ತಿದಾರೆ. ಒಣಗಿದ ಬಟ್ಟೆ ತೆಗೀತಿದಾರೆ."

ನನಗೆ ಯಾವುದೂ ಮಿಣುಕಿದಂತೆ ಕಾಣಲಿಲ್ಲ. ಅವರು ಆ ಸಾಲಿನ ಕಡೆ ಮುಖವಿಟ್ಟು ನಗುತ್ತಿದ್ದರು.

"ದೀಪ ಹಾಕು," ಎಂದರು ಇವರು ಪಿಸುದನಿಯಲ್ಲಿ, "ಟ್ರಾಲರ್ ಈ ಕಡೆ ತಿರುಗಿದ ಹಾಗಿದೆ."

ಅದು ತಿರುಗಿದ್ದನ್ನು ನಾನು ಆಗಲೇ ನೋಡಿದ್ದೆ. ಬೆರಳು ಸ್ವಿಚ್ಚಿನ ಮೇಲೇ ಇತ್ತು.

"ಇನ್ನೂ ದೂರ ಇದೆ ರೀ," ಎಂದೆ.