ಹಾಜರಿಯಲ್ಲಿ ನಾಲ್ಕನೆಯ ಹೆಸರು

ನನ್ನನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡ ಗಂಡನ ಹೆಸರನ್ನು ನಾನು ಧಾರಾಳವಾಗಿ ಹೇಳುತ್ತಿದ್ದೆ. ಬೈಯುವುದಕ್ಕಾದರೂ ಹೆಸರು ಬೇಕಲ್ಲ. ಹಾಗಾಗಿ ಗಾದ್ರಮ್ಮನ ಕಷ್ಟ ನನಗೆ ಮೊದಮೊದಲು ಕಷ್ಟವೆಂದೇ ಅನಿಸಲಿಲ್ಲ.

ಅದು ೧೯೪೧ನೇ ಇಸವಿ. ಚನ್ನಗಿರಿಯ ನಾರ್ಮಲ್ ಸ್ಕೂಲಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಲು ಕಲಿಯುತ್ತಿದ್ದವರಲ್ಲಿ ಹೆಂಗಸರೆಂದರೆ ನಾವಿಬ್ಬರೇ. ನಾನು ನ್ಯಾಮತಿಯ ಅಂಜಿನಮ್ಮ, ಗಾದ್ರಮ್ಮ ಜಗಳೂರು ಕಡೆಯ ಒಂದು ಹಳ್ಳಿಯವಳು. ಇಬ್ಬರಿಗೂ ಒಂದೇ ಕೋಣೆ, ಒಂದೇ ಒಲೆ. ಅವಳ ಗಂಡ ಅವರ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಮದುವೆಯಾಗಿ ಬಂದವಳಿಗೆ ತಾನೇ ಅಕ್ಷರ ಕಲಿಸಿ, ಲೋಯರ್ ಸೆಕೆಂಡರಿ ಪರೀಕ್ಷೆಗೂ ಕೂರಿಸಿದ. ಅವಳು ಪಾಸಾದ ವರ್ಷವೇ ಪ್ಲೇಗು ಬಂದು ಅವನು ಹೋಗಿಬಿಟ್ಟ. ಮೈದುನರು ಅವಳನ್ನು ಮೂಲೆಗೆ ಕೂರಿಸಲು ನೋಡಿದಾಗ ಅಡ್ಡ ನಿಂತವಳು ಅತ್ತೆ ತಿಪ್ಪಮ್ಮ. ಮಗ ಕೂರುತ್ತಿದ್ದ ಕುರ್ಚಿಯ ಮೇಲೆ ಸೊಸೆಯೇ ಕೂರಬೇಕು ಎಂದು ಹಟ ಹಿಡಿದು, ಗಾಡಿ ಕಟ್ಟಿಸಿಕೊಂಡು ಬಂದು ತಾನೇ ಸೇರಿಸಿ ಹೋಗಿದ್ದಳು.

ಓದಿನಲ್ಲಿ ಗಾದ್ರಮ್ಮನಿಗೆ ಗಂಡಸರೂ ಸಾಟಿಯಿರಲಿಲ್ಲ. ಎಡವಟ್ಟಾದದ್ದು ಪಾಠ ಹೇಳುವುದರಲ್ಲಿ. ನಮ್ಮ ಸ್ಕೂಲಿಗೆ ಸೇರಿದಂತೆಯೇ ಚಿಕ್ಕ ಮಕ್ಕಳ ಶಾಲೆಯೊಂದಿತ್ತು. ಅಲ್ಲಿ ನಾವು ಸರದಿಯ ಮೇಲೆ ಪಾಠ ಮಾಡಬೇಕು, ಉಳಿದವರು ಹಿಂದೆ ಕೂತು ತಪ್ಪು ಹಿಡಿಯಬೇಕು. ಪಾಠಕ್ಕೆ ಮೊದಲು ಹಾಜರಿಯನ್ನೂ ನಾವೇ ಕೂಗಬೇಕು. ಗಾದ್ರಮ್ಮನಿಗೆ ಎರಡನೇ ತರಗತಿ ಕೊಟ್ಟಿದ್ದರು. ಆ ತರಗತಿಯ ಹಾಜರಿಯಲ್ಲಿ ನಾಲ್ಕನೆಯ ಹೆಸರು ಉಚ್ಚಂಗೆಪ್ಪ. ಅವಳ ಗಂಡನ ಹೆಸರೂ ಅದೇ.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತಂದರೆ ಅವನ ಆಯುಷ್ಯ ಕರಗುತ್ತದೆ ಎಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಲಂಗ ಉಡುವ ವಯಸ್ಸಿನಿಂದಲೇ ಕೇಳಿರುತ್ತೇವೆ. ಗಾದ್ರಮ್ಮನಂತೂ ಉಚ್ಚಂಗಿಯ ದೇವಿಗೂ ‘ಗುಡ್ಡದವ್ವ’ ಎಂದೇ ಕೈಮುಗಿಯುತ್ತಿದ್ದಳು. ಹಾಜರಿಯಲ್ಲಿ ಮೂರು ಹೆಸರು ಕೂಗಿ, ನಾಲ್ಕನೆಯದನ್ನು ನುಂಗಿ, ಹುಡುಗನತ್ತ ಒಮ್ಮೆ ನೋಡಿ ಗುರುತು ಹಾಕಿ ಐದನೆಯದಕ್ಕೆ ಹೋಗಿಬಿಡುತ್ತಿದ್ದಳು. ಪಾಪ, ಆ ಹುಡುಗ ಬಾಯಿ ತೆರೆದುಕೊಂಡು ಎದ್ದವನು ಹಾಗೆಯೇ ಕೂರುತ್ತಿದ್ದ. ನಿನ್ನ ಹೆಸರು ಹೊಡೆದು ಹಾಕಿದ್ದಾರೆ ಎಂದು ಉಳಿದ ಮಕ್ಕಳು ಹಂಗಿಸಿದರು. ಅವನು ಅದನ್ನೇ ನಂಬಿ ಶಾಲೆ ಬಿಟ್ಟ.

ಹುಡುಗನ ತಾಯಿ ಬಂದು ಕೇಳಿದಾಗ ವಿಷಯ ನಮ್ಮ ಮರುಳಸಿದ್ದಪ್ಪ ಮೇಷ್ಟ್ರ ಕಿವಿಗೆ ಬಿತ್ತು. ಪಾಠ ಹೇಳುವ ಕ್ರಮವನ್ನು ನಮಗೆ ಕಲಿಸುತ್ತಿದ್ದವರು ಅವರೇ. ಬೈಯಲಿಲ್ಲ. ಮುಂದಿನ ವಾರ ಇನ್ಸ್‌ಪೆಕ್ಟರು ಬಂದು ಪರೀಕ್ಷೆಯ ಕೊನೆಯ ಪಾಠ ನೋಡುತ್ತಾರೆ, ಹಾಜರಿ ಪೂರ್ತಿ ಕೂಗದವರನ್ನು ಪಾಸು ಮಾಡಲು ನನ್ನಿಂದ ಆಗದು ಎಂದಷ್ಟೇ ಹೇಳಿದರು. ಗಾದ್ರಮ್ಮನಿಗೆ ಬೇರೆ ತರಗತಿ ಕೊಡಿ ಎಂದು ನಾನು ಜಗಳಕ್ಕೇ ನಿಂತೆ. ನಾಳೆ ಆಕೆಯದೇ ಶಾಲೆಗೆ ಇದೇ ಹೆಸರಿನ ಮಗು ಬಂದರೆ ಅದನ್ನೂ ಮನೆಗೆ ಕಳಿಸುತ್ತಾರೇನು ಎಂದು ಅವರು ಕೇಳಿದರು.

ಆ ಸಂಜೆ ಒಲೆಯ ಮುಂದೆ ಅವಳನ್ನೇ ಕೇಳಿದೆ. ಹೋದವನ ಆಯುಷ್ಯ ಇನ್ನೇನು ಕರಗುತ್ತದೆ, ಯಾವುದಕ್ಕೆ ಹೆದರುತ್ತೀ ಎಂದೆ. ಅವಳು ಒಲೆಯ ಉರಿ ತಗ್ಗಿಸಿದಳು.

“ಹೆದರಿಕೆ ಅಲ್ಲಕ್ಕ,” ಎಂದಳು. “ಬಳೆ ಒಡೆದ್ರು, ತಾಳಿ ಬಿಚ್ಚಿದ್ರು. ಹೆಸ್ರು ಹೇಳದಂಗೆ ಇರೋದು ಒಂದನ್ನ ಯಾರಿಗೂ ಕಿತ್ಕಣಾಕೆ ಆಗಲಿಲ್ಲ. ಅದನ್ನೂ ಬಿಟ್ರೆ ನಾನು ಅವ್ರಿಗೆ ಏನಾಗಬೇಕು?”

ನನ್ನದೂ ಒಂದು ಸಂಸಾರವೇ, ಅವಳದೂ ಒಂದು ಸಂಸಾರವೇ ಅನಿಸಿ ನನಗೆ ಹೊಟ್ಟೆಕಿಚ್ಚಾಯಿತು. ಓದು ಬಿಟ್ಟು ಊರಿಗೆ ಹೋಗುವುದೆಂದು ಅವಳು ನಿಶ್ಚಯ ಮಾಡಿಕೊಂಡಿದ್ದಳು. ಹೋದರೆ ಮೈದುನರ ಮನೆಯ ಮೂಲೆ ಕಾದೇ ಇತ್ತು.

ಪರೀಕ್ಷೆಗೆಂದು ತಿಪ್ಪಮ್ಮ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದಳು. ಗಾದ್ರಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದರಿಂದ ನಡೆದದ್ದನ್ನೆಲ್ಲ ನಾನೇ ಹೇಳಬೇಕಾಯಿತು. ಮುದುಕಿ ಕೇಳಿಸಿಕೊಂಡು, ಸೊಸೆಯ ಪಕ್ಕದಲ್ಲಿ ಹೋಗಿ ಕೂತಳು.

“ಆ ಹೆಸ್ರು ಇಟ್ಟಾಕೆ ನಾನು,” ಎಂದಳು. “ಈಗ ಮನ್ಯಾಗೆ ಯಾರೂ ಎತ್ತಲ್ಲ. ಹಿತ್ತಲಿಗೆ ಹೋಗಿ ನಾನೊಬ್ಬಳೇ ಕರೀತೀನಿ, ಓ ಅನ್ನೋರಿಲ್ಲ. ಇಲ್ಲಿ ಓ ಅನ್ನಾಕೆ ಒಂದು ಕೂಸೈತೆ. ಕರಿಯೇ ತಾಯಿ.”

ಗಾದ್ರಮ್ಮ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಮಾರನೆಯ ದಿನ ಮೂವರೂ ಹುಡುಗನ ಮನೆಗೆ ಹೋದೆವು. ಅವನು ತಾಯಿಯ ಸೆರಗಿನ ಹಿಂದಿನಿಂದ, ಹೆಸರು ಕೂಗುತ್ತೀರಾ ಎಂದು ಕೇಳಿದ. ಗಾದ್ರಮ್ಮ ನೆಲ ನೋಡಿದಳು. ಕೂಗುತ್ತಾಳೆ ಎಂದು ತಿಪ್ಪಮ್ಮನೇ ಮಾತು ಕೊಟ್ಟಳು.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು, ಅವರ ಪಕ್ಕದಲ್ಲಿ ಮರುಳಸಿದ್ದಪ್ಪ ಮೇಷ್ಟ್ರು. ತಿಪ್ಪಮ್ಮ ಹೊರಗೆ ಬೇವಿನ ಕಟ್ಟೆಯ ಮೇಲಿದ್ದಳು. ಹುಡುಗ ಬಂದಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು ಬಂದಿದ್ದ. ಗಾದ್ರಮ್ಮ ಹಾಜರಿ ತೆರೆದು ಮೂರು ಹೆಸರು ಕೂಗಿ ನಿಂತಳು. ಹಿಂದೆ ಕೂತ ನಾನು ಸೆರಗಿನ ತುದಿ ಕಚ್ಚಿಕೊಂಡೆ. ಅವಳ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಹುಡುಗ ಅರ್ಧ ಎದ್ದವನು ಅವಳ ಬಾಯನ್ನೇ ನೋಡುತ್ತ ನಿಂತ. ಇನ್ಸ್‌ಪೆಕ್ಟರು ಗಡಿಯಾರ ತೆಗೆದರು. ಆ ಹುಡುಗ ನಿಧಾನವಾಗಿ ಮತ್ತೆ ಕೂರಲು ಹೊರಟ. ಅದನ್ನು ಅವಳು ನೋಡಿದಳು.

“ಉಚ್ಚಂಗೆಪ್ಪ,” ಎಂದು ಕರೆದಳು.

ಹಾಜರಿ ಕೂಗುವ ದನಿಯಲ್ಲ ಅದು. ಹೊಲದಾಚೆ ಇರುವವರನ್ನು ಊಟಕ್ಕೆ ಕರೆಯುವ ದನಿ. ಹುಡುಗ ನೆಟ್ಟಗೆ ಎದ್ದು, ಹಾಜರ್ ಎನ್ನುವುದನ್ನೂ ಮರೆತು ಮನೆಯಲ್ಲಿ ಅನ್ನುವಂತೆ “ಓ” ಎಂದ. ಮಕ್ಕಳು ನಕ್ಕರು. ಗಾದ್ರಮ್ಮ ಗುರುತು ಹಾಕಿ, ಕಣ್ಣೊರೆಸಿಕೊಳ್ಳದೆಯೇ ಐದನೆಯ ಹೆಸರು ಕೂಗಿದಳು. ಆಮೇಲೆ ಅವಳು ಮಾಡಿದ ಪಾಠದಂಥ ಪಾಠವನ್ನು ಆ ವರ್ಷ ನಮ್ಮಲ್ಲಿ ಯಾರೂ ಮಾಡಲಿಲ್ಲ.

ಪಾಸಾಯಿತು ಎಂದು ಮೇಷ್ಟ್ರು ಅಂದೇ ತಿಳಿಸಿದರು. ಅವಳು ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು, ಸೂತಕ ಕಳೆದುಕೊಳ್ಳುವವರ ಹಾಗೆ. ನಾನು ನೀರು ಸೇದಿ ಕೊಟ್ಟೆ.

ಶಾಲೆ ಬಿಟ್ಟಿತ್ತು. ಬೇವಿನ ಕಟ್ಟೆಯ ಮೇಲೆ ತಿಪ್ಪಮ್ಮ ರೊಟ್ಟಿಯ ಗಂಟು ಬಿಚ್ಚಿ, ಮಕ್ಕಳ ಗುಂಪಿನತ್ತ ನೋಡಿ ಉಚ್ಚಂಗೆಪ್ಪ ಎಂದು ಕರೆದಳು. ಹುಡುಗ ಓ ಎನ್ನುತ್ತ ಓಡಿಬಂದು ಅವಳೆದುರು ಕೈಯೊಡ್ಡಿ ನಿಂತ. ಮುದುಕಿ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು, ಅಷ್ಟು ಹತ್ತಿರವಿದ್ದವನನ್ನು ಇನ್ನೊಮ್ಮೆ ಕರೆದಳು. ಅವನು ಇನ್ನೊಮ್ಮೆ ಓ ಎಂದ.