ನಾಲ್ಕು ಬೆರಳಿನ ಗುರುತು

ಹುಲ್ಲಿನಲ್ಲಿ ಮುಚ್ಚಿಟ್ಟ ಕೆಂಪು ಬಾಳೆಹಣ್ಣಿನ ವಾಸನೆ, ಕಮಲಾಪುರದ ಮನೆಯ ಕತ್ತಲು ಕೋಣೆಯದು, ಅರವತ್ತು ವರ್ಷವಾದರೂ ಶೀಲಾಬಾಯಿಯ ಮೂಗಿನಲ್ಲಿ ಹಾಗೇ ಇದೆ — ಆ ಕೋಣೆಯಲ್ಲಿ ಅವ್ವ ಅವಳ ಬಾಯಿಗೆ ಕೈ ಒತ್ತಿ ಕೂತಿದ್ದಾಳೆ, ಹೊರಗೆ ಅಪ್ಪ ಬಾಗಿಲು ಒದೆಯುತ್ತಿದ್ದಾನೆ, ಅವ್ವನ ಕೆನ್ನೆ ಮೇಲೆ ನಾಲ್ಕು ಬೆರಳು, ಮರುದಿನ ಬಾವಿಯ ಹತ್ತಿರ ಕೇಳಿದವರಿಗೆ ಅವ್ವ ಹೇಳುತ್ತಾಳೆ, ಬಾಗಲಾ ಬಡೀತ್ರೆವ್ವಾ — ಆದರೆ ಇದು ಶರಣಸಿರಸಗಿಯ ಲೇಔಟು, ಮಧ್ಯಾಹ್ನ, ಮೂಗಿಗೆ ಬಡಿಯುವುದು ರಾಧಿಕಾಳ ತುಟಿಯ ಮುಲಾಮು, ಮೇಜಿನ ಮೇಲೆ ಅವಳ ಲ್ಯಾಪ್‌ಟಾಪು. ಮೇಲಿನ ಮನೆಗೆ ಬಾಡಿಗೆಗೆ ಬಂದ ಹುಡುಗಿ, ಕಳೆದ ವಾರ ಮೆಟ್ಟಿಲಿಳಿದು ಬಂದಿದ್ದಳು, ಆಂಟಿ, ಗಂಡ ಹೊಡ್ದಿದ್ದನ್ನ ಎಲ್ಲಿ ಬರದಿಡ್ಲಿರಿ, ಫೋನ್ ಅಂವಾ ನೋಡ್ತಾನ, ಆಗ ಶೀಲಾಬಾಯಿಯೇ ಅಲ್ಲವೇ ಹೇಳಿದ್ದು, ಲ್ಯಾಪ್‌ಟಾಪಿನ ಟೆಕ್ಸ್ಟ್ ಎಡಿಟರಿನೊಳಗ ಬರಿ, ಯಾವ ದಿನ ಹೊಡೆದ, ಯಾತರಿಂದ ಹೊಡೆದ, ಕೆಳಗೆ ಮಹಿಳಾ ಸಹಾಯಕೇಂದ್ರದ ಲಿಂಕು, ಒಂದು ಕ್ಲಿಕ್ ಸಾಕವ್ವಾ — ಆ ಕ್ಲಿಕ್ಕು ಯಾವ ಬ್ರೌಸರಿಗೆ ಹೋಗುತ್ತದೆಂದು ನೋಡಲೇ ಇಲ್ಲ, ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಜಾಣೆ. ಹೋದದ್ದು ರಾಧಿಕಾಳ ಗಂಡ ಮಾಳಿಂಗರಾಯನ ಖಾತೆ ಸದಾ ತೆರೆದಿರುವ ಬ್ರೌಸರಿಗೆ, ಅಲ್ಲಿ ನೋಡಿದ್ದೆಲ್ಲ ನೆಹರು ಗಂಜಿನ ಅಂಗಡಿಯಲ್ಲಿ ಕೂತ ಅವನ ಫೋನಿನಲ್ಲೂ ಕಾಣುತ್ತದೆ, ಬಂದ, ಚಪ್ಪಲಿಯನ್ನೂ ಬಿಡಲಿಲ್ಲ, ನನ್ನ ಮ್ಯಾಲ ಕಂಪ್ಲೇಂಟ್ ಕೊಡ್ತಿ ಏನಲೇ, ಜಡೆ ಹಿಡಿದು ಅಡಿಗೆ ಕಟ್ಟೆಗೆ ತಲೆ ಕುಟ್ಟಿದ, ಮತ್ತೆ ಕುಟ್ಟಿದ, ಚಾರ್ಜರಿನ ವೈರನ್ನು ಮುಂಗೈಗೆ ಸುತ್ತಿಕೊಂಡು ಬೆನ್ನಿಗೆ ಬೀಸಿದ, ಶೀಲಾಬಾಯಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ನೆಲದ ಮೇಲೆ ರಕ್ತ, ರಕ್ತದಲ್ಲಿ ಒಂದು ಹಲ್ಲು, ಕೆನ್ನೆ ಮೇಲೆ ನಾಲ್ಕು ಬೆರಳು.

ನಿಮ್ಮ ತಪ್ಪಲ್ರಿ ಆಂಟಿ, ಎನ್ನುತ್ತ ಆ ಹುಡುಗಿ, ಒಡೆದ ತುಟಿಯ ಹುಡುಗಿ, ಮುದುಕಿಯ ಕಣ್ಣಿಗೆ ಬಿಸಿಲು ಹೊಡೆಯದಂತೆ ಲ್ಯಾಪ್‌ಟಾಪು ಓರೆ ಮಾಡುತ್ತಾಳೆ — ಟಪ್ ಟಪ್, ಅಡಿಗೆಮನೆಯಲ್ಲಿ ಕೆಲಸದ ಭಾಗಮ್ಮ ರೊಟ್ಟಿ ಬಡಿಯುವ ಸದ್ದು, ಒಂದೊಂದು ಬಡಿತಕ್ಕೂ ಶೀಲಾಬಾಯಿಯ ಹೆಗಲು ಬೆಚ್ಚುತ್ತದೆ, ಬಾಯಾರ, ಆ ಪೆಟ್ಟಿಗಿ ಒಯ್ದು ಅವನ ತಲೀಗಿ ಹಾಕ್ರಿ, ಜಲ್ದಿ ಮುಗೀತದ — ಸುಮ್ಮನಿರು ಭಾಗಮ್ಮ, ಐದಕ್ಕೆ ಅವನು ಬರುತ್ತಾನೆ, ಅಷ್ಟರೊಳಗೆ ದೂರು ಹೋಗಬೇಕು, ಅವನಿಗೆ ಕಾಣದಂತೆ ಹೋಗಬೇಕು, ಶೀಲಾಬಾಯಿಯ ಹಳೆ ಕಂಪ್ಯೂಟರು ಕೆಟ್ಟು ವರ್ಷವಾಯಿತು, ಇರುವುದು ಇದೊಂದೇ. ಎಡಿಟರಿನ ಸೆಟ್ಟಿಂಗ್ಸ್, ಕೆಳಗೆ, ಇನ್ನೂ ಕೆಳಗೆ, ಲಿಂಕ್ ತೆರೆಯುವ ಬ್ರೌಸರ್, ಎದುರಿಗೆ ಡಿಫಾಲ್ಟ್ ಎಂಬ ಒಂದೇ ಪದ, ಅಂದರೆ ಅವನದೇ ಬ್ರೌಸರು, ಅವಳ ಹಲ್ಲು ಮುರಿದ ಪದ, ಅದನ್ನು ತೆಗೆ, ಅವನು ಎಂದೂ ಮುಟ್ಟದ ಇನ್ನೊಂದು ಬ್ರೌಸರನ್ನು ಆರಿಸು, ನೋಡಿದ್ದನ್ನು ಉಳಿಸಿಕೊಳ್ಳದ ಖಾಸಗಿ ಕಿಟಕಿ, ಸೇವ್ — ಈಗ ಲಿಂಕು ಒತ್ತವ್ವಾ — ತೆರೆಯಿತು, ಮೂಲೆಯಲ್ಲಿ ಮಾಳಿಂಗರಾಯನ ಫೋಟೊ ಇಲ್ಲ, ಬರೀ ಬೂದು ಬಣ್ಣದ ಖಾಲಿ ವೃತ್ತ, ಗಾಯ ಹೇಗಾಯಿತು ಎಂದು ಅರ್ಜಿ ಕೇಳುತ್ತದೆ, ಬಾಗಲಾ ಬಡೀತ್ರೆವ್ವಾ ಎನ್ನುತ್ತಾಳೆ ಅವ್ವ, ಬಾವಿಯ ಹತ್ತಿರ, ಕೊಡ ಎತ್ತುತ್ತ, ರಾಧಿಕಾ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ, ಗಂಡ ಹೊಡೆದ, ಕಳಿಸುತ್ತಾಳೆ. ಕಮಲಾಪುರದ ಬಸ್ಸು ನಾಲ್ಕಕ್ಕೆ, ಅಲ್ಲಿ ರಾಧಿಕಾಳ ತಾಯಿ ಇದ್ದಾಳೆ, ಟಪ್ ಟಪ್ ನಿಂತಿದೆ, ಯಾವಾಗ ನಿಂತಿತೋ, ಭಾಗಮ್ಮ ಬಂದು ರಾಧಿಕಾಳ ಕೈಯಲ್ಲಿ ಬುತ್ತಿಗಂಟು ಇಡುತ್ತಾಳೆ, ಬಟ್ಟೆ ಸರಿದ ಕಡೆ ಬಿಳಿ ರೊಟ್ಟಿ, ಇನ್ನೂ ಬಿಸಿ, ಅದರ ಮೇಲೆ ಒತ್ತಿ ಮೂಡಿದ ನಾಲ್ಕು ಬೆರಳು.