ಗುಂಡಿಯ ನಡುವಿನ ದಿಬ್ಬ

ಗುಂಡಿಯ ನಡುವೆ ಆ ದಿಬ್ಬವೊಂದೇ ಉಳಿದಿತ್ತು. ಸುತ್ತಲೂ ರಸ್ತೆಗೆ ಹಾಸಲೆಂದು ಆಳುದ್ದ ಗರಸುಮಣ್ಣು ಅಗೆದು ಸಾಗಿಸಿದ್ದರು. ಹಳೆಯ ಹೊಲದ ಮಟ್ಟ ಎಲ್ಲಿತ್ತೆಂದು ತಿಳಿಯಬೇಕಾದರೆ ಅದರ ನೆತ್ತಿಯನ್ನೇ ನೋಡಬೇಕಿತ್ತು. ನೆತ್ತಿಯ ಮೇಲೆ ನಾಲ್ಕು ಕಲ್ಲು, ಒಂದಿಷ್ಟು ಹುಲ್ಲು, ಒಂದು ತಂಗಡಿ ಗಿಡ. ಆ ಕಲ್ಲುಗಳ ಕೆಳಗೆ ನಮ್ಮ ಯಜಮಾನರಿದ್ದರು.

ಹೊಲವನ್ನು ಗರಸಿನವರಿಗೆ ಬಿಟ್ಟುಕೊಟ್ಟವನು ನನ್ನ ಮೈದುನ. ಊರಿಗೆ ರಸ್ತೆ ಬರುತ್ತದೆ, ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದ. ಅವನ ಬಾಯಿಗೆ ಎದುರಾಡುವವರು ಯಾರು? ಯಜಮಾನರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಸಮಾಧಿಯನ್ನಷ್ಟು ಮುಟ್ಟಬೇಡಿ ಎಂದು ಗರಸಿನವರಿಗೆ ಹೇಳಿ, ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದೆ. ತಿರುಗಿ ಬಂದಾಗ ಹೊಲದ ಬದುವಿಲ್ಲ, ಬದುವಿನ ಬೇವಿಲ್ಲ. ಈ ದಿಬ್ಬವೊಂದು ನಿಂತಿತ್ತು. ಮಾತು ಉಳಿಸಿಕೊಂಡರಲ್ಲ ಎಂದು ಅಷ್ಟು ಸಿಟ್ಟಿನಲ್ಲೂ ಸಮಾಧಾನವಾಯಿತು. ಮೈದುನ ಹೆಂಡತಿಯ ಊರು ಸೇರಿಕೊಂಡ. ಗುಂಡಿ ನನಗೆ ಉಳಿಯಿತು.

ನನಗೆ ಮಕ್ಕಳಿರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ದಿಬ್ಬದ ಮೇಲೆ ಕೂತು ಉಣ್ಣುತ್ತಿದ್ದೆ, ಅವರೊಡನೆ ಮಾತಾಡುತ್ತಿದ್ದೆ. ಬದುಕಿದ್ದಾಗಲೂ ನಾನು ಹತ್ತು ಮಾತಾಡಿದರೆ ಒಂದಕ್ಕೆ ಹೂಂಗುಟ್ಟುವ ಮನುಷ್ಯ. ಹಾಗಾಗಿ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಇವಳಿಗೆ ತಲೆ ಕೆಟ್ಟಿದೆ ಎಂದು ಊರವರು ಆಡಿಕೊಂಡರು. ಅವರಿಗೇನು, ಸಂಜೆ ಮನೆಗೆ ಹೋದರೆ ಜಗಳವಾಡುವುದಕ್ಕಾದರೂ ಒಬ್ಬರಿರುತ್ತಾರೆ.

ಆ ನೆಲವನ್ನು ಮತ್ತೆ ಹೊಲ ಮಾಡಿಯೇ ತೀರುತ್ತೇನೆಂದು ಹಟ ತೊಟ್ಟೆ. ಬಂಡಿ ಹೊಡೆಯುವ ಯಮನೂರಪ್ಪ ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಹೂಳು ಹೇರಿ ತಂದು ಸುರಿದ, ನಾನು ಹರಡಿದೆ. ಜೋಳ ಬಿತ್ತಿದೆ. ಗೇಣುದ್ದ ಬಂದು ಹಳದಿಗಟ್ಟಿ ಮಲಗಿತು. ಮರುವರ್ಷವೂ ಅದೇ ಹಣೆಬರಹ. ದಿಬ್ಬದ ಮೇಲಿನ ಹುಲ್ಲು ಮಾತ್ರ, ಯಾರೂ ಬಿತ್ತದಿದ್ದರೂ, ಹಸಿರಾಗಿ ನನ್ನನ್ನು ಅಣಕಿಸುತ್ತಿತ್ತು.

"ಹೂಳು ಹಾಲಿದ್ದಂಗ, ಯಕ್ಕಾ," ಎಂದ ಯಮನೂರಪ್ಪ. "ಹೆಪ್ಪು ಹಾಕದ ಮೊಸರಾಗೂದಿಲ್ಲ. ಹಳೇ ಹೊಲದ ಮಣ್ಣು ಒಂದೀಟು ಬೆರಸಬೇಕು."

ಅದು ನನಗೂ ಗೊತ್ತಿತ್ತು. ಆದರೆ ನಮ್ಮ ಕಡೆ ಹೊಲದ ಮಣ್ಣನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಮಣ್ಣಿನ ಜೊತೆ ಹುಲುಸೂ ಹೋಗುತ್ತದೆಂಬ ನಂಬಿಕೆ. ನಾಚಿಕೆ ಬಿಟ್ಟು ಕೇಳಿದೆ. ಪಕ್ಕದ ಹೊಲದ ಚೆನ್ನಮಲ್ಲವ್ವ ಕೂರಿಸಿ ಬಿಸಿ ರೊಟ್ಟಿ ಬಡಿಸಿದಳು, ಮಣ್ಣಿನ ಮಾತು ಬಂದಾಗ ಕಿವಿ ಕೇಳದವಳಾದಳು. ಅಷ್ಟರಲ್ಲಿ ಮೈದುನ ಹೇಳಿ ಕಳಿಸಿದ: ಈ ವರ್ಷವೂ ಬೆಳೆ ಬಾರದಿದ್ದರೆ ಉಳಿದ ಗರಸನ್ನೂ ತೆಗೆಸುತ್ತೇನೆ, ದಿಬ್ಬ ಗಿಬ್ಬ ನೋಡುವುದಿಲ್ಲ. ಹೊಲದ ಪತ್ರದಲ್ಲಿ ಅವನ ಹೆಸರೂ ಇತ್ತು.

"ಹಳೇ ಮಣ್ಣು ನಿನ್ನ ಹೊಲದಾಗ ಐತಲ್ಲ," ಎಂದ ಯಮನೂರಪ್ಪ, ದಿಬ್ಬದ ಕಡೆ ನೋಡದೆ.

"ಅಲ್ಲಿ ಅವರದಾರ."

"ಹೊಲ ಉಳಸಾಕ ಅಂದ್ರ, ಬ್ಯಾಡ ಅಂತಿದ್ರೇನು?"

ಅವನನ್ನು ಬಾಯಿಗೆ ಬಂದಂತೆ ಬೈದು ಕಳಿಸಿದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಲ್ಲುಗಳಿಗೆ ಕೈಮುಗಿದು, "ನಿಮ್ಮನ್ನ ಹೊಲದ ಮೂಲಿಯೊಳಗ ಮತ್ತ ಮಲಗಸ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದು ಹೇಳಿ ಸಲಿಕೆ ಹಾಕಿದೆ. ಅವರನ್ನು ಸುತ್ತಲು ಹೊಸ ಬಿಳಿ ಬಟ್ಟೆ ತಂದಿದ್ದೆ. ಯಮನೂರಪ್ಪ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಚೆಲ್ಲುತ್ತಿದ್ದ.

ಸೊಂಟದಾಳ ಅಗೆದರೂ ಹೂಳುವಾಗ ಇಟ್ಟಿದ್ದ ವಿಭೂತಿಯ ಹೆಂಟೆ ಸಿಗಲಿಲ್ಲ. ಅವರ ಕೈಯಲ್ಲಿಟ್ಟಿದ್ದ ಲಿಂಗ ಸಿಗಲಿಲ್ಲ. ಅಗೆದು ಮುಚ್ಚಿದ ಗುಣಿಯಾದರೆ ಮಣ್ಣು ಕಲಸಿಹೋಗಿರಬೇಕು. ಇಲ್ಲಿ ಮೇಲೆ ಕಪ್ಪು, ಕೆಳಗೆ ಕೆಂಪು, ಅದರ ಕೆಳಗೆ ಗರಸು, ದೇವರು ಹಾಸಿದ ಹಾಗೇ ಇತ್ತು.

"ಇಲ್ಲಿ ಯಾರೂ ಇಲ್ಲ," ಎಂದೆ.

ಯಮನೂರಪ್ಪ ಬುಟ್ಟಿ ಕೆಳಗಿಟ್ಟ. "ಎಷ್ಟು ಆಳ ತೆಗದಾರ ಅಂತ ಅಳಿಯಾಕ ನಡುವ ಒಂದು ದಿಬ್ಬ ಬಿಡ್ತಾರ, ಯಕ್ಕಾ. ಇದು ಅದು. ಸಮಾಧಿ ಅತ್ಲಾಗ ಇತ್ತು. ಅಗದು ಲಾರಿಗೆ ಹೇರಿದ ಮ್ಯಾಲ ಗರಸಿನವರಿಗೆ ತಿಳೀತು. ಕಲ್ಲು ತಂದು ಇದರ ಮ್ಯಾಲ ಇಟ್ರು."

"ನಿನಗ ಗೊತ್ತಿತ್ತು."

"ನೀ ದಿನಾ ಇಲ್ಲಿ ಕುಂತು ಮಾತಾಡತಿದ್ದಿ. ಹೆಂಗ ಹೇಳ್ಲಿ?"

"ಮತ್ತ ಅವರೆಲ್ಲಿ?"

ಅವನು ಊರಿನತ್ತ ಹೋಗುವ ರಸ್ತೆಯ ಕಡೆ ಕೈ ತೋರಿಸಿದ.

ಅವರು ಸತ್ತ ದಿನಕ್ಕಿಂತ ಹೆಚ್ಚು ಅತ್ತೆ. ಗರಸಿನವರಿಗೆ ಶಾಪ ಹಾಕಿದೆ, ಮೈದುನನಿಗೆ ಹಾಕಿದೆ, ಹೇಳದೆ ಬಾಯಿ ಹೊಲಿದುಕೊಂಡ ಯಮನೂರಪ್ಪನಿಗೂ ಹಾಕಿದೆ. ಅಷ್ಟು ವರ್ಷ ಆಡಿದ ಸುಖದುಃಖವೆಲ್ಲ ಯಾರ ಕಿವಿಗೂ ಬಿದ್ದಿರಲಿಲ್ಲ. ಸಂಜೆಯಾದ ಮೇಲೆ ಎದ್ದು ಉಳಿದ ಮಣ್ಣನ್ನೂ ನಾನೇ ಹರಡಿ ಮುಗಿಸಿದೆ.

ಆ ವರ್ಷ ಜೋಳ ನನ್ನ ತಲೆ ಮೀರಿ ಬೆಳೆಯಿತು. ಮೈದುನ ಸುಮ್ಮನಾದ. ಚೆನ್ನಮಲ್ಲವ್ವ ಬಂದು ತೆನೆ ಮುಟ್ಟಿ ನೋಡಿ ಹೊಗಳಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಹೊಲವೆಲ್ಲ ಒಂದೇ ಸಮನಾಗಿತ್ತು.

ಈಗಲೂ ಸಂತೆಗೆ ಹೋಗುವಾಗ ಆ ರಸ್ತೆ ಸಿಕ್ಕೊಡನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತೇನೆ. ಬಿಸಿಲಿಗೆ ಕಾದ ಡಾಂಬರು ಅಂಗಾಲು ಸುಡುತ್ತದೆ. ಅವರು ಎಲ್ಲಿದ್ದಾರೋ ತಿಳಿಯದು. ಹಾಗಾಗಿ ರಸ್ತೆ ಮುಗಿಯುವವರೆಗೂ ಬರಿಗಾಲಲ್ಲೇ ನಡೆಯುತ್ತೇನೆ.